ಬಂದಳಿಕೆ ಅಲ್ಲ ಸ್ವಾಮಿ, ಅದು ಜರೀಗಿಡ!

ದಕ್ಷಿಣ ಬೆಂಗಳೂರಿನವರಾದ ನಮಗೆ ಮರಗಳ ವಿಷಯದಲ್ಲಿ ಸ್ವಲ್ಪ ಜಂಬ ಜಾಸ್ತಿ. ಜಯನಗರವಿರಲಿ, ಬನಶಂಕರಿ ಎರಡನೇ ಹಂತವಿರಲಿ, ಜೇಪಿ ನಗರದ ಹಳೇ ಫೇಸುಗಳಿರಲಿ, ಊರಿಂದ ನೆಂಟರು ಬಂದರೆ "ನಮ್ಮ ರಸ್ತೆಯಲ್ಲಿ ಎಷ್ಟು ಮರ ಇದೆ ನೋಡಿ" ಅಂತ ತೋರಿಸದೆ ಬಿಡುವುದಿಲ್ಲ. ಆದರೆ ಅದೇ ಮರದ ಕೊಂಬೆಯ ಮೇಲೆ ಇನ್ನೊಂದು ಗಿಡ ಕಾಣಿಸಿತೋ, ಮುಗಿಯಿತು. "ಬಂದಳಿಕೆ ಬಂದಿದೆ, ಮರ ಸತ್ತೋಗತ್ತೆ, ಕಿತ್ತು ಹಾಕಿಸಿ" ಅನ್ನುವ ತೀರ್ಪು ರೆಡಿ. ಮರದ ಮೇಲೆ ಬೆಳೆಯುವುದೆಲ್ಲ ಮರದ ರಕ್ತ ಹೀರುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಜನರ ಗಟ್ಟಿ ನಂಬಿಕೆ.

ಈ ನಂಬಿಕೆಯಿಂದ ಅನ್ಯಾಯಕ್ಕೊಳಗಾದ ಒಂದು ಗಿಡದ ಚರಿತ್ರೆ ಇವತ್ತಿನ ವಿಷಯ. ಅದು ಜರೀಗಿಡಗಳ ಜಾತಿಗೆ ಸೇರಿದ್ದು. ವೈಜ್ಞಾನಿಕ ಹೆಸರು ಡ್ರೈನೇರಿಯಾ ಕ್ವೆರ್ಸಿಫೋಲಿಯಾ. ಹೆಸರು ನೋಡಿ ಹೆದರಬೇಡಿ, ನೀವು ಇದನ್ನು ಖಂಡಿತ ನೋಡಿರುತ್ತೀರಿ. ಮಲೆನಾಡಿನ ಕಡೆ ಬಸ್ಸಿನಲ್ಲಿ ಹೋಗುವಾಗ ಹಳೇ ಮಾವಿನ ಮರದ ಕವಲಿನಲ್ಲೋ, ರಸ್ತೆ ಬದಿಯ ಬಂಡೆಯ ಮೇಲೋ, ಕಂದು ಬಣ್ಣದ ಒಣ ಎಲೆಗಳ ಒಂದು ಗೂಡು, ಅದರೊಳಗಿಂದ ಎದ್ದು ಬಾಗಿದ ಉದ್ದುದ್ದ ಹಸಿರು ಗರಿಗಳು ಕಾಣುತ್ತವಲ್ಲ, ಅದೇ.

ಚರಿತ್ರೆಗೆ ಹೋಗುವ ಮೊದಲು ಗಿಡದ ಪರಿಚಯ ಮಾಡಿಕೊಂಡುಬಿಡೋಣ. ಇಲ್ಲದಿದ್ದರೆ ಮುಂದಿನದಕ್ಕೆ ಸ್ವಾರಸ್ಯ ಇರುವುದಿಲ್ಲ.

ಈ ಗಿಡಕ್ಕೆ ಎರಡು ಬಗೆಯ ಎಲೆ. ಒಂದು ಬಗೆ ಬುಡದಲ್ಲಿ ಬರುವಂಥದ್ದು. ತೊಟ್ಟಿಲ್ಲ, ಅಗಲವಾಗಿ ಬಟ್ಟಲಿನ ಹಾಗೆ ಕಾಂಡಕ್ಕೆ ಒತ್ತಿಕೊಂಡಿರುತ್ತದೆ, ಅಂಚಿನಲ್ಲಿ ಸ್ವಲ್ಪವೇ ಸೀಳು. ಹುಟ್ಟುವಾಗ ಹಸಿರು. ಕೆಲವೇ ದಿನಕ್ಕೆ ಒಣಗಿ ಕಂದು ಬಣ್ಣದ ಕಾಗದದಂತಾಗುತ್ತದೆ, ಆದರೆ ಉದುರುವುದಿಲ್ಲ. ಇನ್ನೊಂದು ಬಗೆ ನಿಜವಾದ ಗರಿ. ಉದ್ದ ತೊಟ್ಟು, ನಡುದಿಂಡಿನ ಹತ್ತಿರದವರೆಗೂ ಆಳವಾಗಿ ಸೀಳಿದ ಎಲೆ, ಒಂದು ಮೀಟರಿನಷ್ಟು ಅಥವಾ ಅದಕ್ಕೂ ಉದ್ದ. ಅಡುಗೆಮನೆಯಲ್ಲಿ ದುಡಿಯುವುದು ಈ ಹಸಿರು ಗರಿ. ಇದರ ಹಿಂಭಾಗ ತಿರುಗಿಸಿ ನೋಡಿದರೆ ಪಕ್ಕನರಗಳ ನಡುವೆ ಎರಡೆರಡು ಸಾಲಾಗಿ ಪುಟ್ಟ ಪುಟ್ಟ ಕಂದು ಚುಕ್ಕೆಗಳು ಕಾಣುತ್ತವೆ. ಯಾವುದೋ ಹುಳದ ಮೊಟ್ಟೆ ಅಂತ ಸಾಬೂನು ನೀರು ಹಾಕಿ ಉಜ್ಜುವವರೂ ಇದ್ದಾರೆ! ಅವು ಬೀಜಾಣುಗಳ ಗುಂಪು. ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಧೂಳಿನಂಥ ಬೀಜಾಣುಗಳೇ ಅದರ ಸಂತಾನ.

ಒಣಗಿದ ಬಟ್ಟಲೆಲೆಯ ಕೆಲಸ ಬೇರೆ. ಮೇಲಿನಿಂದ ಬೀಳುವ ತರಗೆಲೆ, ಧೂಳು, ಹಕ್ಕಿ ಹಿಕ್ಕೆ, ತೊಗಟೆಯ ಚೂರು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದುಕೊಳ್ಳುತ್ತದೆ. ಗಿಡದ ಬೇರುಗಳು ಈ ಗೊಬ್ಬರದೊಳಗೇ ಹರಡಿಕೊಳ್ಳುತ್ತವೆ. ಅಂದರೆ ಈ ಗಿಡ ತನ್ನ ಕುಂಡವನ್ನೂ ಮಣ್ಣನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಮರದಿಂದ ಅದಕ್ಕೆ ಬೇಕಾಗಿರುವುದು ನಿಲ್ಲಲು ಜಾಗ ಮತ್ತು ಸ್ವಲ್ಪ ಬೆಳಕು, ಅಷ್ಟೇ.

ಗೂಡಿನ ಅಡಿಯಲ್ಲಿ ಕೊಂಬೆಯನ್ನು ತಬ್ಬಿಕೊಂಡು ತೆವಳುವುದು ದಪ್ಪ ಗೆಡ್ಡೆಯಂಥ ಕಾಂಡ. ಮೈತುಂಬ ಕಂದು ರೋಮದಂಥ ಹೊಟ್ಟು. ಕೈಯಲ್ಲಿ ಹಿಡಿದರೆ ಥೇಟ್ ಕುರಿಯ ಕಾಲು! ಬೇಸಿಗೆ ಬಂತೆಂದರೆ ಹಸಿರು ಗರಿಯ ಸೀಳುಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ನಡುದಿಂಡು ಮಾತ್ರ ಮೀನಿನ ಮುಳ್ಳಿನ ಹಾಗೆ ಉಳಿಯುತ್ತದೆ. ನೋಡಿದವರು ಗಿಡ ಸತ್ತಿತು ಅಂದುಕೊಳ್ಳಬೇಕು. ಗೆಡ್ಡೆ ಬದುಕಿರುತ್ತದೆ. ಮೊದಲ ನಾಲ್ಕು ಮಳೆ ಬಿದ್ದ ಮೇಲೆ ಮತ್ತೆ ಚಿಗುರು. ಹೀಗಾಗಿ ಬರೀ ಆಗುಂಬೆಯಂಥ ಮಳೆಕಾಡಿಗಷ್ಟೇ ಅಂಟಿಕೊಂಡ ಗಿಡವಲ್ಲ ಇದು. ಒಣ ತಿಂಗಳುಗಳನ್ನು ತಡೆದುಕೊಳ್ಳಬಲ್ಲದು. ಭಾರತ, ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯಾದ ಉತ್ತರ ತುದಿಯವರೆಗೆ ಇದರ ಹರವು.

ಇನ್ನು ನಿಜವಾದ ಬಂದಳಿಕೆ. ಅದು ಬೇರೆಯದೇ ಕುಟುಂಬದ, ಹೂ ಬಿಡುವ ಗಿಡ. ಅದರ ಅಂಟಂಟು ಬೀಜವನ್ನು ಬದನಿಕೆ ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಂಚುತ್ತದೆ. ಮೊಳೆತ ಬೀಜ ತನ್ನ ಬೇರನ್ನು ತೊಗಟೆ ಸೀಳಿಕೊಂಡು ಮರದ ಒಳಗೇ ಇಳಿಸಿ, ಮರ ಸಾಗಿಸುವ ನೀರು ಲವಣಗಳನ್ನು ಕದಿಯುತ್ತದೆ. ಸೇರಿದ ಜಾಗದಲ್ಲಿ ಕೊಂಬೆ ಊದಿಕೊಂಡಿರುತ್ತದೆ. ಜರೀಗಿಡದ ಬೇರು ತೊಗಟೆಯ ಹೊರಪದರವನ್ನು ಹಿಡಿದುಕೊಂಡಿರುತ್ತದೆ, ಒಳಗೆ ಇಳಿಯುವುದಿಲ್ಲ. ಒಂದು ಕಳ್ಳ, ಇನ್ನೊಂದು ಬಾಡಿಗೆದಾರ. ಕನ್ನಡದಲ್ಲಿ ಇಂಥ ಬಾಡಿಗೆದಾರ ಗಿಡಗಳಿಗೆ ಅಪ್ಪುಗಿಡ ಅನ್ನುವ ಒಳ್ಳೆಯ ಶಬ್ದವಿದೆ. ಅಪ್ಪಿಕೊಂಡಿರುವ ಗಿಡ. ಇಂಗ್ಲಿಷಿನ ಎಪಿಫೈಟಿಗಿಂತ ಚೆಂದ, ಅಲ್ಲವಾ?

ಸರಿ, ಈಗ ಚರಿತ್ರೆ.

ಈ ಗಿಡ ಮೊದಲು ಅಚ್ಚಿನ ಪುಸ್ತಕ ಸೇರಿದ ಕಥೆ ನಮ್ಮ ಪಕ್ಕದ ಕೊಚ್ಚಿಯಲ್ಲಿ ಶುರುವಾಗುತ್ತದೆ. 1670ರಿಂದ 1677ರವರೆಗೆ ಅಲ್ಲಿ ಡಚ್ಚರ ಮುಖ್ಯಾಧಿಕಾರಿಯಾಗಿದ್ದವನು ಹೆಂಡ್ರಿಕ್ ವಾನ್ ರೀಡ್. ಮಲಬಾರಿನ ಗಿಡಮರಗಳನ್ನೆಲ್ಲ ಚಿತ್ರಸಮೇತ ದಾಖಲಿಸಬೇಕು ಅಂತ ಹಟ ಹಿಡಿದು ಕೂತ. ಅವನಿಗೆ ಗಿಡಗಳ ಪರಿಚಯ ಹೇಳಿದವರು ಯಾರು? ಚೇರ್ತಲ ಬಳಿಯ ಈಳವ ವೈದ್ಯ ಇಟ್ಟಿ ಅಚ್ಯುತನ್, ಮತ್ತು ಮೂವರು ಕೊಂಕಣಿ ಬ್ರಾಹ್ಮಣ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಇವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಪುಸ್ತಕದ ಮೊದಲ ಸಂಪುಟದಲ್ಲೇ ಅಚ್ಚಾಗಿವೆ. 'ಹೋರ್ತುಸ್ ಮಲಬಾರಿಕಸ್' ಅನ್ನುವ ಆ ಮಹಾಗ್ರಂಥ 1678ರಿಂದ 1693ರವರೆಗೆ ಆಮ್ಸ್ಟರ್ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂತು. ವಾನ್ ರೀಡ್ ಪೂರ್ತಿ ನೋಡಲಿಲ್ಲ. 1691ರ ಡಿಸೆಂಬರಿನಲ್ಲಿ ಸೂರತ್ತಿಗೆ ಹೊರಟ ಹಡಗಿನಲ್ಲೇ ತೀರಿಕೊಂಡ. ನಮ್ಮ ಜರೀಗಿಡ ಇರುವುದು ಅವನು ಸತ್ತ ಮೇಲೆ ಬಂದ ಕೊನೆಯ ಸಂಪುಟದಲ್ಲಿ. ಲ್ಯಾಟಿನ್ನಿನಲ್ಲಿದ್ದ ಈ ಹನ್ನೆರಡೂ ಸಂಪುಟಗಳನ್ನು ದಶಕಗಳ ಕಾಲ ಕೂತು ಇಂಗ್ಲಿಷಿಗೆ ತಂದವರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಕೆ. ಎಸ್. ಮಣಿಲಾಲ್. ಆ ಅನುವಾದ 2003ರಲ್ಲಿ ಹೊರಬಂತು.

ಆ ಪುಸ್ತಕದಲ್ಲಿ ಈ ಗಿಡಕ್ಕಿರುವ ಹೆಸರು 'ಪನ್ನ ಕೆಲೆಂಗು ಮರವರ'. ಡಚ್ಚರ ಕಿವಿಗೆ ಬಿದ್ದಂತೆ ಬರೆದದ್ದರಿಂದ ಹಾಗಿದೆ. ಬಿಡಿಸಿ ನೋಡಿ. ಪನ್ನ ಅಂದರೆ ಜರೀಗಿಡ. ಕೆಲೆಂಗು ಅಂದರೆ ಕಿಳಂಗು, ನಮ್ಮ ಗೆಡ್ಡೆ. ಮರವರ ಅಂದರೆ ಮರವಾಳ, ಮರದ ಮೇಲಿನ ಬಾಳೆ. ನಮ್ಮಲ್ಲೂ ಮರದ ಮೇಲಿನ ಕೆಲವು ಸೀತಾಳೆಗಳಿಗೆ ಮರಬಾಳೆ ಅನ್ನುತ್ತಾರಲ್ಲ, ಹಾಗೆ. ಗಿಡ ಯಾವ ಜಾತಿ, ಅದರ ಶರೀರ ಹೇಗಿದೆ, ಎಲ್ಲಿ ವಾಸ ಅನ್ನುವ ಮೂರೂ ವಿವರ ಮೂರು ಪದದಲ್ಲಿ ಬಂದುಬಿಟ್ಟಿತು. ಇದೇ ಸಂಪುಟದಲ್ಲಿ ಸೀತಾಳೆಗಳಿಗೆ ಅನ್ಸ್ಯೇಲಿ ಮರವರ, ಕಾನ್ಸ್ಯೀರಂ ಮರವರ ಅಂತೆಲ್ಲ ಹೆಸರುಗಳಿವೆ. ಅನ್ಸ್ಯೇಲಿ ಅಂದರೆ ಹೆಬ್ಬಲಸು, ಕಾನ್ಸ್ಯೀರಂ ಅಂದರೆ ಕಾಸರಕ. ಅತಿಥಿಯ ಹೆಸರಿನ ಜೊತೆಗೆ ಮನೆಯ ಯಜಮಾನನ ಹೆಸರು! ಕಾಡಿನಲ್ಲಿ ಓಡಾಡಿ ಗಿಡವನ್ನು ಅದಿರುವ ಜಾಗದಲ್ಲೇ ನೋಡಿದವರು ಇಟ್ಟ ಹೆಸರುಗಳಿವು. ಇವು ಮರದ ಮೇಲೆ ವಾಸವಿರುವ ಗಿಡಗಳ ಒಂದು ಬೇರೆಯೇ ಬಳಗ ಅನ್ನುವುದು ಆ ವೈದ್ಯರಿಗೆ ಚೆನ್ನಾಗಿ ಗೊತ್ತಿತ್ತು.

ಅರವತ್ತು ವರ್ಷ ಮುಂದೆ ಹೋಗೋಣ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆಲ್ಲ ಎರಡೆರಡು ಪದದ ಹೆಸರಿಡುವ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ನಮ್ಮ ಗಿಡಕ್ಕೆ ಅವನಿಟ್ಟ ಹೆಸರು ಪಾಲಿಪೋಡಿಯಂ ಕ್ವೆರ್ಸಿಫೋಲಿಯಂ. ಅಂದರೆ ಓಕ್ ಎಲೆಯದು ಅಂತ ಅರ್ಥ. ಲಿನೇಯಸ್ ಭಾರತಕ್ಕೆ ಬಂದವನಲ್ಲ. ಬೇರೆಯವರು ಒಣಗಿಸಿ ಕಳಿಸಿದ ಎಲೆ, ಬೇರೆಯವರು ಬರೆಸಿದ ಚಿತ್ರ, ಇಷ್ಟೇ ಅವನ ಕೈಯಲ್ಲಿ ಇದ್ದದ್ದು. ಬುಡದ ಒಣ ಬಟ್ಟಲೆಲೆ ಅವನ ಊರಿನ ಓಕ್ ಮರದ ಎಲೆಯ ಹಾಗೇ ಕಾಣುತ್ತದೆ, ಅದು ನಿಜ. ಮುಂದೆ ಬಂದ ಡ್ರೈನೇರಿಯಾ ಅನ್ನುವ ಹೆಸರೂ ಗ್ರೀಕಿನಲ್ಲಿ ಓಕನ್ನೇ ಸೂಚಿಸುವ ಪದದಿಂದ ಬಂದದ್ದು. ಹೀಗಾಗಿ ಈಗಿನ ಹೆಸರಲ್ಲಿ ಓಕ್ ಎರಡು ಸಲ ಇದೆ. ಮಜಾ ಏನೆಂದರೆ ನಮ್ಮ ಸಹ್ಯಾದ್ರಿಯ ಕಾಡಿನಲ್ಲಿ ಓಕ್ ಮರವೇ ಇಲ್ಲ! ಮರದ ಮೇಲೆ ಇರುತ್ತದೆ ಅನ್ನುವ ಮಾತು, ಗೆಡ್ಡೆಯ ಮಾತು ಎರಡೂ ಹೆಸರಿನಿಂದ ಬಿದ್ದುಹೋದವು.

ಲಿನೇಯಸ್‌ನನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವನ ಪದ್ಧತಿ ಇಲ್ಲದಿದ್ದರೆ ಕೊಚ್ಚಿಯ ಪನ್ನ, ಚೀನಾದ್ದು, ಜಾವಾದ್ದು ಒಂದೇ ಗಿಡವೋ ಬೇರೆಯೋ ಅಂತ ಹೇಳುವುದಕ್ಕೇ ಆಗುತ್ತಿರಲಿಲ್ಲ. ಆದರೆ ಹೂವಿನ ಕೇಸರ ಎಣಿಸಿ ಗಿಡಗಳನ್ನು ವಿಂಗಡಿಸುತ್ತಿದ್ದ ಅವನಿಗೆ ಹೂವೇ ಇಲ್ಲದ ಜರೀಗಿಡ ಒಂದು ತಲೆನೋವು. ಹಾವಸೆ, ಅಣಬೆ, ಪಾಚಿಗಳ ಜೊತೆ ಸೇರಿಸಿ ಇಪ್ಪತ್ನಾಲ್ಕನೇ ವರ್ಗಕ್ಕೆ ತಳ್ಳಿಬಿಟ್ಟ. ಆ ವರ್ಗದ ಹೆಸರಿನ ಅರ್ಥ 'ಗುಟ್ಟಿನ ಮದುವೆ' ಅಂತ. ಯುರೋಪಿನ ಹಳ್ಳಿಗಳಲ್ಲಂತೂ ಜರೀಗಿಡದ ಬೀಜ ಕಣ್ಣಿಗೆ ಕಾಣುವುದಿಲ್ಲ, ಅದು ಸಿಕ್ಕಿದವನೂ ಯಾರ ಕಣ್ಣಿಗೂ ಕಾಣಿಸದ ಹಾಗೆ ಓಡಾಡಬಹುದು ಅನ್ನುವ ನಂಬಿಕೆ ಇತ್ತು. ಶೇಕ್ಸ್‌ಪಿಯರನ ನಾಟಕದಲ್ಲೂ ಇದರ ಪ್ರಸ್ತಾಪ ಬರುತ್ತದೆ.

ಈ ಗುಟ್ಟಿನ ಮದುವೆಯನ್ನು ಪೂರ್ತಿ ಬಯಲು ಮಾಡಿದವನು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಅಪ್ಪನ ಸಂಗೀತ ಪುಸ್ತಕಗಳ ಅಂಗಡಿಯ ಕೆಲಸ ನೋಡಿಕೊಳ್ಳುತ್ತಾ, ಬಿಡುವಿನಲ್ಲಿ ಸೂಕ್ಷ್ಮದರ್ಶಕ ಹಿಡಿದು ಕೂರುತ್ತಿದ್ದವನು. 1851ರಲ್ಲಿ, 27ನೇ ವಯಸ್ಸಿಗೆ, ಜರೀಗಿಡಗಳಲ್ಲಿ ಎರಡು ತಲೆಮಾರು ಒಂದಾದ ಮೇಲೊಂದು ಬರುತ್ತವೆ ಅಂತ ತೋರಿಸಿಕೊಟ್ಟ. ಬೀಜಾಣು ಮೊಳೆತರೆ ನೇರವಾಗಿ ಜರೀಗಿಡ ಬರುವುದಿಲ್ಲ. ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಹಾಳೆಯೊಂದು ಬರುತ್ತದೆ. ಗಂಡು ಹೆಣ್ಣು ಕಣಗಳು ಇರುವುದು ಅದರಲ್ಲಿ. ಗಂಡು ಕಣ ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಹೆಣ್ಣು ಕಣ ಸೇರಬೇಕು. ಆಮೇಲೆ ನಮಗೆ ಕಾಣುವ ಗರಿಯ ಗಿಡ. ಈ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಮರದ ತೊಗಟೆ ಕೆಲವು ವಾರ ಒದ್ದೆಯಾಗಿ ಉಳಿಯದಿದ್ದರೆ ಹೊಸ ಜರೀಗಿಡ ಹುಟ್ಟುವುದಿಲ್ಲ.

ಹೆಸರಿನ ಕಥೆಗೆ ವಾಪಸ್ ಬರೋಣ. 1841ರಲ್ಲಿ ಈ ಗಿಡವನ್ನು ಡ್ರೈನೇರಿಯಾ ಕುಲಕ್ಕೆ ಸೇರಿಸಿ ಈಗಿನ ಹೆಸರು ಕೊಟ್ಟವನು ಲಂಡನ್ನಿನ ಕ್ಯೂ ಉದ್ಯಾನದ ಜಾನ್ ಸ್ಮಿತ್. ತೋಟದ ಕೆಲಸದಿಂದ ಮೇಲೆ ಬಂದ ಮನುಷ್ಯ. ಒಣಗಿದ ಹಾಳೆಗಳ ಜೊತೆಗೆ ಜೀವಂತ ಜರೀಗಿಡಗಳನ್ನೂ ವರ್ಷಗಟ್ಟಲೆ ಕೈಯಾರೆ ಬೆಳೆಸಿದ್ದರಿಂದ, ಗೆಡ್ಡೆ ಹೇಗೆ ತೆವಳುತ್ತದೆ, ಗರಿ ಗೆಡ್ಡೆಗೆ ಹೇಗೆ ಕೂಡಿಕೊಂಡಿದೆ, ಹೇಗೆ ಕಳಚುತ್ತದೆ ಅನ್ನುವುದಕ್ಕೆಲ್ಲ ಅವನು ಬೆಲೆ ಕೊಟ್ಟ. ಅಚ್ಯುತನ್ ಹೇಳಿದ್ದ ಕಿಳಂಗು ನೂರೈವತ್ತು ವರ್ಷದ ಮೇಲೆ ಮತ್ತೆ ಲೆಕ್ಕಕ್ಕೆ ಬಂತು ಅನ್ನಬಹುದು.

ಅಂದ ಹಾಗೆ ಅದೇ ಕಾಲಕ್ಕೆ ಲಂಡನ್ನಿನಲ್ಲಿ ಜರೀಗಿಡದ ಹುಚ್ಚು ಹತ್ತಿತು. ಅದಕ್ಕೂ ಒಂದು ಕಾರಣ. 1829ರಲ್ಲಿ ನಥಾನಿಯಲ್ ವಾರ್ಡ್ ಅನ್ನುವ ಡಾಕ್ಟರು ಒಂದು ಚಿಟ್ಟೆಯ ಕೋಶವನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಬಾಟಲಿಯಲ್ಲಿಟ್ಟು ಮುಚ್ಚಿದ್ದರು. ಕೆಲವು ದಿನಗಳ ಮೇಲೆ ನೋಡಿದರೆ ಅದರೊಳಗೊಂದು ಜರೀಗಿಡದ ಮೊಳಕೆ! ಕಲ್ಲಿದ್ದಲ ಹೊಗೆಯಿಂದ ಅವರ ಹಿತ್ತಲಿನ ಜರೀಗಿಡಗಳೆಲ್ಲ ಸಾಯುತ್ತಿದ್ದವು, ಬಾಟಲಿಯಲ್ಲಿದ್ದದ್ದು ಮಾತ್ರ ನಳನಳಿಸುತ್ತಿತ್ತು. ಇದರಿಂದ ಹುಟ್ಟಿದ್ದು ವಾರ್ಡ್ ಪೆಟ್ಟಿಗೆ, ಅಂದರೆ ಗಿಡ ಸಾಗಿಸುವ ಗಾಜಿನ ಪೆಟ್ಟಿಗೆ. ತಿಂಗಳುಗಟ್ಟಲೆ ಹಡಗಿನಲ್ಲಿ ಗಿಡ ಬದುಕಿಸುವುದು ಸಾಧ್ಯವಾಯಿತು. ರಾಬರ್ಟ್ ಫಾರ್ಚೂನ್ ಚೀನಾದಿಂದ ಟೀ ಸಸಿಗಳನ್ನು ಭಾರತಕ್ಕೆ ಸಾಗಿಸಿದ್ದು ಇಂಥ ಪೆಟ್ಟಿಗೆಗಳಲ್ಲೇ. ಬೆಳಿಗ್ಗೆ ಎದ್ದು ನಾವು ಕುಡಿಯುವ ಟೀ ಹಿಂದೆ ಒಂದು ಜರೀಗಿಡ ಇದೆ ಅಂತಾಯಿತು.

ಇದೇ ಫಾರ್ಚೂನನ ಹೆಸರಿನಲ್ಲಿ ನಮ್ಮ ಗಿಡದ ಚೀನೀ ತಮ್ಮನೊಬ್ಬನಿಗೆ ಡ್ರೈನೇರಿಯಾ ಫಾರ್ಚೂನಿ ಅಂತ ಹೆಸರು ಬಂತು. ಅದರ ಗೆಡ್ಡೆಗೆ ಚೀನೀ ವೈದ್ಯದಲ್ಲಿ ಇರುವ ಹೆಸರಿನ ಅರ್ಥ 'ಮುರಿದ ಮೂಳೆ ಕೂಡಿಸುವುದು' ಅಂತ. ನಮ್ಮ ದಕ್ಷಿಣದ ಗುಡ್ಡಗಾಡು ಜನ ಕೂಡ ನಮ್ಮ ಜಾತಿಯ ಗೆಡ್ಡೆಯನ್ನು ಬಳಸುವುದು ಕೀಲುನೋವಿಗೆ, ಮೂಳೆ ಮುರಿತಕ್ಕೇ.

ಕರ್ನಾಟಕಕ್ಕೆ ಬರೋಣ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರು ಕೆಲಸದಲ್ಲಿದ್ದರು. ದಿನಕ್ಕೊಂದು ಗಿಡವನ್ನಾದರೂ ನೋಡಬೇಕು, ಅದರ ಚಿತ್ರ ಬರೆಸಬೇಕು ಅನ್ನುವ ವ್ರತ ಅವರದು. ಬರೆದುಕೊಟ್ಟದ್ದು ಒಬ್ಬ ಮರಾಠಿ ಕಲಾವಿದ. ಆ ಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿದೆ, 2016ರಲ್ಲಿ ಹೆನ್ರಿ ನೋಲ್ಟಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು. ಡಾಕ್ಟರರ ಜೀವನ ಚರಿತ್ರೆ ನಮಗೆ ಸಿಗುತ್ತದೆ, ಕೂತು ಬರೆದವನದ್ದು ಸಿಗುವುದಿಲ್ಲ. ಆ ಲೆಕ್ಕದಲ್ಲಿ ಇಟ್ಟಿ ಅಚ್ಯುತನ್ ಪುಣ್ಯವಂತ, ಹೆಸರಾದರೂ ಉಳಿಯಿತು.

ಈ ಕ್ಲೆಗ್‌ಹಾರ್ನ್ ಮುಂದೆ ನಮ್ಮ ಲಾಲ್‌ಬಾಗಿಗೂ ಸಂಬಂಧಪಟ್ಟರು. ಹೈದರಾಲಿ 1760ರಲ್ಲಿ ಶುರು ಮಾಡಿದ ಲಾಲ್‌ಬಾಗ್ ಕೈಯಿಂದ ಕೈಗೆ ಬದಲಾಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದದ್ದರ ಹಿಂದೆ ಅವರ ಸಲಹೆಯಿತ್ತು. ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ ಬಂದರು, 1874ರಲ್ಲಿ ಜಾನ್ ಕ್ಯಾಮರೂನ್ ಬಂದರು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಚಳಿ ದೇಶದಲ್ಲಿ ಬಿಸಿನಾಡಿನ ಗಿಡ ಉಳಿಸಲು ಹುಟ್ಟಿದ ಗಾಜಿನ ಮನೆ, ಚಳಿಯೇ ಇಲ್ಲದ ನಮ್ಮೂರಿಗೆ ಬಂದು ಫ್ಲವರ್ ಶೋ ಮನೆಯಾಯಿತು. ಲಾಲ್‌ಬಾಗಿನಲ್ಲಿ ಚೆಲುವಯ್ಯ ರಾಜು ಅನ್ನುವ ಕಲಾವಿದರು ಬರೆದ ಸಸ್ಯಚಿತ್ರಗಳು ಅದ್ಭುತವಾಗಿವೆ. ಇವರ ಹೆಸರು ಉಳಿದಿರುವುದು ಸಂತೋಷ.

ಕ್ಲೆಗ್‌ಹಾರ್ನರ ಕೈಕೆಳಗೆ 1857ರಲ್ಲಿ ಅರಣ್ಯ ಇಲಾಖೆ ಸೇರಿದವರು ರಿಚರ್ಡ್ ಬೆಡ್ಡೋಮ್. ಸೈನ್ಯದಿಂದ ಬಂದವರು. ಹಾವು, ಕಪ್ಪೆ, ಗಿಡ ಏನನ್ನೂ ಬಿಟ್ಟವರಲ್ಲ. 1863-64ರಲ್ಲಿ ಮದರಾಸಿನಿಂದ ದಕ್ಷಿಣ ಭಾರತದ ಜರೀಗಿಡಗಳ ಬಗ್ಗೆ ಚಿತ್ರಸಮೇತ ಪುಸ್ತಕ ತಂದರು. 1883ರಲ್ಲಿ ಇಡೀ ಬ್ರಿಟಿಷ್ ಇಂಡಿಯಾ, ಸಿಲೋನು, ಮಲಯ ಸೇರಿಸಿ ಒಂದು ಕೈಪಿಡಿ ಮಾಡಿದರು. ನಮ್ಮ ಡ್ರೈನೇರಿಯಾ ಇವುಗಳಲ್ಲಿದೆ. ಆಮೇಲೆ ನೂರು ವರ್ಷ ನಮ್ಮ ಜರೀಗಿಡ ಹುಡುಕುವವರ ಕೈಯಲ್ಲಿ ಇರುತ್ತಿದ್ದದ್ದು ಈ ಕೈಪಿಡಿಯೇ.

ನಮ್ಮವರ ಪೈಕಿ ಅಪ್ಪುಗಿಡಗಳ ಹಿಂದೆ ಬಿದ್ದವರಲ್ಲಿ ನಾನು ನೆನೆಯುವುದು ಬಿ. ಜಿ. ಎಲ್. ಸ್ವಾಮಿ ಅವರನ್ನು. ಬಸವನಗುಡಿಯ ಡಿವಿಜಿ ಅವರ ಮಗ. ಬೆಂಗಳೂರಿನಲ್ಲಿ ಇದ್ದಾಗ ಅವರ ಶುರುವಿನ ಸಂಶೋಧನೆಯ ದೊಡ್ಡ ಭಾಗ ಸೀತಾಳೆಗಳ ಭ್ರೂಣದ ಬಗ್ಗೆ. ಆಮೇಲೆ ಅವರು ಬರೆದ 'ಹಸುರು ಹೊನ್ನು' ಓದಿಯೇ ಗಿಡ ನೋಡುವ ಅಭ್ಯಾಸ ಮಾಡಿಕೊಂಡವರು ನಮ್ಮಲ್ಲಿ ಎಷ್ಟೋ ಜನ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಳ್ಳನೋ ಬಾಡಿಗೆದಾರನೋ? 1888ರಲ್ಲಿ ಜರ್ಮನಿಯ ಶಿಂಪರ್ ಅಮೆರಿಕದ ಕಾಡುಗಳ ಅಪ್ಪುಗಿಡಗಳ ಬಗ್ಗೆ ಒಂದು ಗ್ರಂಥ ಬರೆದು, ಇವು ಮಣ್ಣಿಲ್ಲದೆ ನೀರು ಗೊಬ್ಬರ ಹೇಗೆ ಸಂಪಾದಿಸುತ್ತವೆ ಅನ್ನುವುದನ್ನು ವಿಂಗಡಿಸಿ ತೋರಿಸಿದರು. ಅದಾದ ಮೇಲೆ ಇನ್ನೂ ಮಜವಾದ ವಿಷಯ ಹೊರಬಂತು. 1981ರಲ್ಲಿ ಭಾರತೀಯ ಮೂಲದ ಅಮೆರಿಕನ್ ವಿಜ್ಞಾನಿ ನಳಿನಿ ನಾಡಕರ್ಣಿ ಹಗ್ಗ ಕಟ್ಟಿಕೊಂಡು ದೊಡ್ಡ ದೊಡ್ಡ ಮರ ಹತ್ತಿ, ಕೊಂಬೆಯ ಮೇಲೆ ಅಪ್ಪುಗಿಡಗಳಿಂದ ಶೇಖರವಾದ ಗೊಬ್ಬರದ ಮಣ್ಣಿಗೆ ಮರವೇ ತನ್ನ ಕೊಂಬೆಯಿಂದ ಬೇರು ಬಿಟ್ಟಿರುವುದನ್ನು ಕಂಡು ವರದಿ ಮಾಡಿದರು. ಬಾಡಿಗೆದಾರ ಕಟ್ಟಿದ ಬಾಡಿಗೆಯನ್ನು ಯಜಮಾನ ಎಣಿಸಿಕೊಳ್ಳುತ್ತಿದ್ದ! ಎಲ್ಲ ಮರಗಳೂ ಹೀಗೆ ಮಾಡುತ್ತವೆ ಅಂತಲ್ಲ. ಆದರೆ ವ್ಯವಹಾರ ಒಮ್ಮುಖ ಅಲ್ಲ ಅನ್ನುವುದು ಖಾತ್ರಿಯಾಯಿತು. 2004ರಲ್ಲಿ ಬೋರ್ನಿಯೋದ ಕಾಡಿನಲ್ಲಿ ನಡೆದ ಅಧ್ಯಯನ, ಇದೇ ರೀತಿ ತರಗೆಲೆ ಹಿಡಿಯುವ ಹಕ್ಕಿಗೂಡು ಜರೀಗಿಡದೊಳಗೆ ಲೆಕ್ಕವಿಲ್ಲದಷ್ಟು ಹುಳುಹುಪ್ಪಟೆ ವಾಸವಿರುವುದನ್ನು ತೂಗಿ ಅಳೆದು ತೋರಿಸಿತು. ಅದರ ದೊಡ್ಡ ಗೂಡುಗಳು ಒದ್ದೆಯಾದಾಗ 200 ಕಿಲೋವರೆಗೂ ತೂಗುತ್ತವಂತೆ. ಮರದ ಮೇಲಿನ ಈ ಗೂಡುಗಳೇ ಒಂದೊಂದು ವಠಾರ.

ಜರೀಗಿಡ ಅಂದರೆ ಡೈನೋಸಾರ್ ಕಾಲದ ಹಳೇ ಸಾಮಾನು ಅಂತ ಶಾಲೆಯಲ್ಲಿ ಓದಿರುತ್ತೇವೆ. ವಂಶ ಹಳೆಯದು, 36 ಕೋಟಿ ವರ್ಷಕ್ಕೂ ಹಿಂದಿನದು. ಆದರೆ ವಂಶವಾಹಿ ಆಧಾರದ ಮೇಲೆ 2004 ಮತ್ತು 2009ರಲ್ಲಿ ಬಂದ ಅಧ್ಯಯನಗಳ ಪ್ರಕಾರ, ಮರದ ಮೇಲೆ ವಾಸಿಸುವ ಜರೀಗಿಡಗಳು ಕವಲೊಡೆದು ಹಬ್ಬಿದ್ದು ಬಹುತೇಕ ಡೈನೋಸಾರ್‌ಗಳು ಹೋದ ಮೇಲೆಯೇ. ಹೂ ಬಿಡುವ ಮರಗಳು ಭೂಮಿಯನ್ನು ಆವರಿಸಿ ನೆಲಕ್ಕೆ ಬಿಸಿಲು ಬೀಳದಂತಾದಾಗ ಇವು ಅದೇ ಮರಗಳನ್ನು ಹತ್ತಿದವು. ಅಂದರೆ ಅಪ್ಪುಗಿಡದ ಚರಿತ್ರೆ ದೊಡ್ಡ ಮರಗಳ ಚರಿತ್ರೆಯ ಜೊತೆಗೇ ಶುರುವಾದದ್ದು. ಮರ ಹೋದರೆ ಇದೂ ಹೋಯಿತು.

ಬೆಂಗಳೂರಿನ ಕಥೆಗೆ ಬಂದರೆ, ನಮ್ಮ ಬನಶಂಕರಿಯ ಮನೆಯ ಮಾವಿನ ಮರದಲ್ಲಿ ಇದರದ್ದೊಂದು ಗೂಡಿದೆ. ಕೊಪ್ಪದ ಹತ್ತಿರದ ನಮ್ಮ ಸೋದರತ್ತೆ ಮಳೆಗೆ ಮುರಿದುಬಿದ್ದ ಕೊಂಬೆಯಿಂದ ಬಿಡಿಸಿ ಕೊಟ್ಟ ಗೆಡ್ಡೆ. ತೆಂಗಿನ ನಾರಿನಲ್ಲಿ ಕವಲಿಗೆ ಕಟ್ಟಿದ್ದೆ. ಎರಡು ಮಳೆಗಾಲ ಕಳೆಯುವುದರೊಳಗೆ ನಾರು ಕೊಳೆತುಹೋಯಿತು, ಗಿಡ ನಿಂತಿತು. ಮಾರ್ಚಿನಲ್ಲಿ ಮೀನಿನ ಮುಳ್ಳಾಗುತ್ತದೆ, ಮೇ ತಿಂಗಳ ಮಳೆಗೆ ಚಿಗುರುತ್ತದೆ. ಮಾವೂ ಎಂದಿನಂತೆ ಕಾಯಿ ಬಿಡುತ್ತಿದೆ. ಆದರೆ ಪಕ್ಕದ ರಸ್ತೆಯ ಹಳೇ ಮಳೆಮರದ ಮೇಲಿದ್ದ ಗೂಡಿಗೆ ಆ ಅದೃಷ್ಟ ಇರಲಿಲ್ಲ. ಕೊಂಬೆ ಸವರಲು ಬಂದವರು ಮಚ್ಚಿನಲ್ಲಿ ಕೆರೆದು ಹಾಕುತ್ತಿದ್ದರು. "ಯಾಕಣ್ಣ, ಅದೇನು ಮಾಡಿತ್ತು?" ಅಂದೆ. "ಬಂದಳಿಕೆ ಸಾರ್, ಮರ ತಿಂದುಬಿಡತ್ತೆ, ಮನೆಯವರೇ ಹೇಳಿದ್ರು" ಅಂದರು. ಕೆಳಗೆ ಬಿದ್ದಿದ್ದ ಗೂಡಿನ ಗೊಬ್ಬರ ಎರಡು ಬಕೆಟ್ಟಿನಷ್ಟಿತ್ತು. ಎರೆಹುಳು ಒದ್ದಾಡುತ್ತಿದ್ದವು. ಇಪ್ಪತ್ತು ಅಡಿ ಎತ್ತರದ ಮರದ ಮೇಲೆ ಎರೆಹುಳು!

ಇದರ ಪಾಡು ಕಾಡಿನಲ್ಲೂ ಸುಖವಾಗಿಲ್ಲ. ಹೊಸೂರು ದಾಟಿ ಸೇಲಂ ಕಡೆ ಹೋಗಿ ಕೊಲ್ಲಿಮಲೆ ಹತ್ತಿದರೆ ರಸ್ತೆ ಬದಿಯಲ್ಲಿ ಕುರಿಕಾಲಿನಂಥ ಗೆಡ್ಡೆಗಳನ್ನು ರಾಶಿ ಹಾಕಿರುತ್ತಾರೆ. ಮುಡವಾಟ್ಟುಕ್ಕಾಲ್ ಅಂತ ತಮಿಳು ಹೆಸರು. ಸಸ್ಯಾಹಾರಿಗಳ ಕಾಲ್ ಸೂಪು ಅಂತ ಬಿಸಿಬಿಸಿ ಮಾರುತ್ತಾರೆ, ಮಂಡಿನೋವಿಗೆ ಒಳ್ಳೆಯದು ಅನ್ನುತ್ತಾರೆ. ಪ್ರಯೋಗಾಲಯದಲ್ಲಿ ಈ ಗೆಡ್ಡೆಯ ಮೇಲೆ ಪ್ರಯೋಗಗಳು ನಡೆದಿವೆ ನಿಜ, ಆದರೆ ಒಂದು ಕಪ್ ಸೂಪಿನಿಂದ ಮಂಡಿನೋವು ವಾಸಿಯಾಗುತ್ತದೆ ಅಂತ ಅದರ ಅರ್ಥವಲ್ಲ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಗೆಡ್ಡೆ ಕಿತ್ತರೆ ಗಿಡವೇ ಹೋಯಿತು. ಗೆಡ್ಡೆಯೇ ಅದರ ಜೀವ.

ಜಯನಗರ ಬಡಾವಣೆ ಶುರುವಾದದ್ದು 1948ರಲ್ಲಿ. ನಮ್ಮ ರಸ್ತೆಮರಗಳಲ್ಲಿ ಬಹಳಷ್ಟು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ನೆಟ್ಟವು. ಊರಿಡೀ ಸುಮಾರು 15 ಲಕ್ಷ ಸಸಿ ನೆಡಿಸಿದವರು ಅವರು. ಆ ಮರಗಳಿಗೆ ಈಗ ನಲವತ್ತು ದಾಟಿದೆ. ಅಪ್ಪುಗಿಡ ಬರುವ ವಯಸ್ಸು ಇದೇ. ನೀಲಗಿರಿಯಂತೆ ಸಿಪ್ಪೆ ಕಳಚುವ ಮರದಲ್ಲಿ ಅದು ನಿಲ್ಲುವುದು ಕಷ್ಟ. ಮಾವು, ಮಳೆಮರದಂಥ ಒರಟು ತೊಗಟೆ ಬೇಕು, ಬಿರುಕಿನಲ್ಲಿ ತೇವ ನಿಲ್ಲಬೇಕು, ಹಾಫ್‌ಮೈಸ್ಟರ್ ಕಂಡ ಆ ಹೃದಯದಾಕಾರದ ಹಾಳೆ ಒಣಗದೆ ಉಳಿಯಬೇಕು. ಮೆಟ್ರೋ ಮಾರ್ಗಕ್ಕಾಗಿ 2009ರ ಸುಮಾರಿಗೆ ಜಯನಗರದ ನಂದಾ ರಸ್ತೆಯ ಬದಿಯ ಮರಗಳು ಹೋದಾಗ ಜನ ಬೀದಿಗಿಳಿದು ಜಗಳ ಮಾಡಿದ್ದರು. 2017ರಲ್ಲಿ ಆ ಮಾರ್ಗದಲ್ಲಿ ಯಲಚೇನಹಳ್ಳಿಯವರೆಗೆ ರೈಲು ಬಂತು, ನಾನೂ ಅದರಲ್ಲಿ ಓಡಾಡುತ್ತೇನೆ. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಅನ್ನುವ ಲೆಕ್ಕವೂ ನಮಗೆ ಗೊತ್ತಿರುವುದೇ. ಆದರೆ ನಲವತ್ತು ವರ್ಷದ ತೊಗಟೆಯನ್ನು ನರ್ಸರಿಯಿಂದ ತರಲಾಗುವುದಿಲ್ಲ.

ಹಾಗಂತ ಗೂಡನ್ನು ಎಂದೂ ಮುಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಒಣಗಿದ ಕೊಂಬೆಯ ಮೇಲೆ ದೊಡ್ಡ ಗೂಡು ಮಳೆನೀರು ಹೀರಿ ಭಾರವಾದರೆ ಮುರಿದು ಬೀಳಬಹುದು, ಕೆಳಗೆ ಜನ ಓಡಾಡುವ ರಸ್ತೆಯಾದರೆ ಇಳಿಸಲೇಬೇಕು. ಆಗ ಗೆಡ್ಡೆಯನ್ನು ಕೆರೆದು ಕಸದ ಗಾಡಿಗೆ ಹಾಕುವ ಬದಲು ಗಟ್ಟಿ ಕವಲೊಂದಕ್ಕೆ ನಾರಿನಲ್ಲಿ ಕಟ್ಟಿ. ಬಂದಳಿಕೆಯನ್ನು ಗುರುತಿಸುವುದೂ ಕಷ್ಟವಲ್ಲ. ಸೇರುವ ಜಾಗದಲ್ಲಿ ಊತವಿದ್ದು, ಗಟ್ಟಿ ಕಡ್ಡಿಯಂಥ ರೆಂಬೆ, ಉದ್ದ ಕೊಳವೆಯಂಥ ಹೂ ಇದ್ದರೆ ಅದು ಬಂದಳಿಕೆ, ಕಡಿಸಿ. ಕಂದು ಗೂಡು, ಗರಿ, ರೋಮದ ಗೆಡ್ಡೆ ಇದ್ದರೆ ಮಚ್ಚು ಒಳಗಿಡಿ.

ಮುನ್ನೂರೈವತ್ತು ವರ್ಷದ ಹಿಂದೆ ಚೇರ್ತಲದ ಒಬ್ಬ ವೈದ್ಯರಿಗೆ ಕೆಳಗೆ ನಿಂತು ತಲೆಯೆತ್ತಿ ನೋಡಿ ಇದು ಜರೀಗಿಡ, ಇದಕ್ಕೆ ಗೆಡ್ಡೆ ಇದೆ, ಇದರ ಮನೆ ಮರ ಅಂತ ಹೇಳುವುದಕ್ಕೆ ಸಾಧ್ಯವಾಗಿತ್ತು. ನಮಗೂ ಆಗುತ್ತದೆ. ಈ ಮಳೆಗಾಲ ನಿಮ್ಮ ರಸ್ತೆಯ ಹಳೇ ಮರಗಳ ಕವಲುಗಳನ್ನು ಒಮ್ಮೆ ನೋಡಿ. ಮಲೆನಾಡು, ಕರಾವಳಿ ಕಡೆಯ ಓದುಗರು ನಿಮ್ಮೂರಿನಲ್ಲಿ ಇದನ್ನು ಏನಂತ ಕರೆಯುತ್ತಾರೆ, ಯಾವ ಮರದ ಮೇಲೆ ನೋಡಿದಿರಿ ಅಂತ ಬರೆದು ತಿಳಿಸಿದರೆ ಬಹಳ ಸಂತೋಷ. ಮರದ ಹೆಸರನ್ನೂ ಸೇರಿಸಿ ಬರೆಯಿರಿ, ಮರೆಯಬೇಡಿ.